ಮಾವ ಒಗೆದ ಹದಿನೆಂಟು ಡೈಪರುಗಳು

ಮಗು ಉಚ್ಚೆ ಹೊಯ್ಯುವುದೂ ಒಂದು ಸುದ್ದಿಯೇ? ಆ ವಾರ ನಮ್ಮ ಮನೆಯಲ್ಲಿ ಅದೊಂದೇ ಸುದ್ದಿ. ಬೆಳಿಗ್ಗೆ ಎದ್ದರೆ ಅದು, ಮಧ್ಯಾಹ್ನ ಫೋನ್ ಬಂದರೆ ಅದು, ಸಂಜೆ ಗಂಡ ಹೆಂಡತಿ ಎದುರುಬದುರು ಕೂತರೆ ಅದು. ಪ್ರಪಂಚದಲ್ಲಿ ಬೇರೇನೂ ನಡೆಯುತ್ತಲೇ ಇಲ್ಲವೇನೋ ಎಂಬಂತೆ ಮೂರು ಜನ ದೊಡ್ಡವರು ಒಂದು ಪುಟ್ಟ ಕುಂಡೆಯ ಸುತ್ತ ಸುತ್ತುತ್ತಿದ್ದೆವು.

ಆ ಕುಂಡೆಯ ಒಡತಿ ನನ್ನ ಮಗಳು. ಒಂದು ವರ್ಷ ಎಂಟು ತಿಂಗಳು. ನಿಂತಲ್ಲಿ ನಿಂತವಳಲ್ಲ, ಅದಕ್ಕೇ ಮನೆಯಲ್ಲಿ ಅವಳಿಗೆ ಗಿರಗಿಟ್ಲೆ ಎಂದೇ ಹೆಸರು. ಹುಟ್ಟಿದಾಗಿನಿಂದ ಅಂಗಡಿಯ ಡೈಪರ್ ಹಾಕಿ ಬೆಳೆಸಿದ್ದೆವು. ಹಾಕು, ಬಿಚ್ಚು, ಬಿಸಾಡು, ಕೈ ತೊಳೆದುಕೋ. ಎಷ್ಟು ಸುಖವಾಗಿತ್ತು! ಹೋದ ತಿಂಗಳು ಆ ಸುಖಕ್ಕೆ ಕಲ್ಲು ಬಿತ್ತು. ತೊಡೆಸಂದಿಯಲ್ಲಿ ಕೆಂಪು, ಕೆಂಪಿನ ಮೇಲೆ ಗುಳ್ಳೆ, ಗುಳ್ಳೆ ಒಡೆದು ಹಸಿ ಗಾಯ. ಮೂರು ಕಂಪನಿಯ ಡೈಪರ್ ಬದಲಾಯಿಸಿದೆವು, ಎರಡು ಬಗೆಯ ಮುಲಾಮು ಮೆತ್ತಿದೆವು. ನೀರು ತಾಗಿದರೆ ಸಾಕು, ಮಗು ಬೆನ್ನು ಬಗ್ಗಿಸಿ ಚೀರುತ್ತಿತ್ತು. ಚರ್ಮದ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ ನೋಡಿ, "ಇವಳ ಮೈಗೆ ಇದು ಒಗ್ಗಲ್ಲಮ್ಮ. ಇವತ್ತಿಂದ ಬಟ್ಟೆದು ಹಾಕಿ, ಮುಗೀತು" ಎಂದರು.

ಮುಗೀತಂತೆ! ಶುರುವಾದದ್ದೇ ಅಲ್ಲಿಂದ.

ನಾನು ಸಿಟಿ ಬಸ್ ಓಡಿಸುತ್ತೇನೆ. ದೊಡ್ಡ ಗಾಡಿಯ ಲೈಸೆನ್ಸಿಗೆ ಎರಡು ಸಲ ಫೇಲಾಗಿ, ಮೂರನೇ ಸಲ ಐದು ತಿಂಗಳ ಬಸುರಿ ಹೊಟ್ಟೆಯನ್ನು ಸ್ಟೇರಿಂಗಿಗೆ ತಾಗಿಸಿಕೊಂಡೇ ಪಾಸಾದವಳು. ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು, ಕಾಯಂ ಆಗಲು ಇನ್ನೂ ಮೂರು ತಿಂಗಳಿತ್ತು. ಗಾಯದ ಗಲಾಟೆಯಲ್ಲಿ ಹೇಳದೆ ಕೇಳದೆ ಎರಡು ದಿನ ರಜೆ ಹಾಕಿದ್ದೆ. ಡಿಪೋ ಮ್ಯಾನೇಜರು ಕರೆಸಿ, "ಇನ್ನೊಂದು ಸಲ ಹೀಗಾದ್ರೆ ಕಾರಣ ಕೇಳಲ್ಲಮ್ಮ, ನೇರ ಮನೆಗೆ ಕಳಿಸ್ತೀನಿ" ಎಂದಿದ್ದರು. ಅಂದರೆ ಮಗಳು ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಡೇಕೇರಿನಲ್ಲಿ ಇರಲೇಬೇಕು. ಅವರು ಬೇಡ ಅಂದ ದಿನ ನನ್ನ ಕೆಲಸಕ್ಕೂ ಎಳ್ಳುನೀರು.

ಮನೆಯಲ್ಲಿ ಮಾವ ಇದ್ದಾರಲ್ಲ, ಅವರು ನೋಡಿಕೊಳ್ಳಬಾರದೇ ಎಂದು ಕೇಳುವವರು ಸುಮಾರು ಜನ. ಹೋದ ವರ್ಷ ಅವರಿಗೆ ಲಕ್ವ ಹೊಡೆದು ಎಡಗೈ ಹೇಳಿದ ಮಾತು ಕೇಳುವುದಿಲ್ಲ. ಗಿರಗಿಟ್ಲೆ ಒಮ್ಮೆ ಬಾಗಿಲು ತೆಗೆದದ್ದೇ ರಸ್ತೆಗೆ ಓಡಿದಳು. ಮಾವ ಎದ್ದು ಹೊಸಿಲು ದಾಟುವಷ್ಟರಲ್ಲಿ ಎದುರು ಅಂಗಡಿಯವನು ಅವಳನ್ನು ಎತ್ತಿಕೊಂಡು ಬಂದಿದ್ದ. ಅಂದಿನಿಂದ ಮಾವನೇ, "ನನ್ನ ಕೈಲಿ ಬಿಡಬೇಡಮ್ಮ" ಎಂದುಬಿಟ್ಟಿದ್ದರು. ಆಮೇಲೆ ನಾಲ್ಕು ತಿಂಗಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದರು. ಮಾತು ಕಮ್ಮಿ, ಊಟ ಇನ್ನೂ ಕಮ್ಮಿ.

ಇಂಥ ಮನುಷ್ಯ, ಬಟ್ಟೆ ಡೈಪರಿನ ಪೊಟ್ಟಣ ಮನೆಗೆ ಬಂದ ದಿನ ಕುರ್ಚಿಯಿಂದ ಎದ್ದರು. ಹದಿನೆಂಟು ಡೈಪರು. ಹೊರಗೆ ಗುಂಡಿಯಿರುವ ಚಡ್ಡಿ, ಒಳಗೆ ಉದ್ದನೆಯ ದಪ್ಪ ಬಟ್ಟೆಪಟ್ಟಿ. ಮಾವ ಒಂದೊಂದನ್ನೂ ಬೆಳಕಿಗೆ ಹಿಡಿದು ನೇಯ್ಗೆ ನೋಡಿದರು, ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದರು.

"ಒಗೆಯೋದು ನನ್ನ ಪಾಲಿಗೆ ಬಿಡಿ" ಎಂದರು.

ನಾನು ಬೇಡ ಎನ್ನಲು ಬಾಯಿ ತೆರೆದೆ. ನನ್ನ ಗಂಡ ಮೊಣಕೈಯಿಂದ ತಿವಿದರು. ಮಾವ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಮೂವತ್ತಾರು ವರ್ಷ ದುಡಿದವರು, ಕೊನೆಯ ಹದಿನಾಲ್ಕು ವರ್ಷ ಅದರ ಮುಖ್ಯಸ್ಥರು. ಹಾಸು, ಹೊದಿಕೆ, ಮೇಜುಬಟ್ಟೆ, ಟವೆಲು, ಎಲ್ಲವೂ ಅವರ ಕೈ ದಾಟಿಯೇ ಕೋಣೆಗೆ ಹೋಗಬೇಕಿತ್ತು. ಲಕ್ವ ಹೊಡೆಯುವವರೆಗೆ ಮನೆಯ ಟವೆಲುಗಳೂ ಅವರ ಒಗೆತವೇ. ಅಂಥವರಿಗೆ ಬಟ್ಟೆ ಒಗೆಯಲು ಬರುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಮಾವ ಒಗೆಯುವುದನ್ನು ನೋಡಬೇಕಿತ್ತು. ಮೊದಲು ತಣ್ಣೀರಿನಲ್ಲಿ ಜಾಲಿಸುವುದು, ಆಮೇಲೆ ಮಷೀನಿಗೆ ಹಾಕುವುದು, ಕೊನೆಯ ನೀರಿಗೆ ನೀಲಿ ಬಾಟಲಿಯಿಂದ ಎರಡು ಮುಚ್ಚಳ ಸಾಫ್ಟನರು, ಬಟ್ಟೆ ಮೆತ್ತಗಾಗಲಿ ಎಂದು. ಒಣಗಿದ ಮೇಲೆ ಇಸ್ತ್ರಿ. ಒಂದೇ ಕೈಯಲ್ಲಿ ಮಡಿಸಿ, ಅಂಚಿಗೆ ಅಂಚು ಕೂಡಿಸಿ, ಆರಾರರಂತೆ ಮೂರು ಸಾಲು. ಮುಟ್ಟಿದರೆ ಬೆಣ್ಣೆ. ಮನೆಯೆಲ್ಲ ಘಮಘಮ.

"ಮೂವತ್ತಾರು ವರ್ಷದಲ್ಲಿ ಒರಟು ಅಂತ ಒಂದು ಬಟ್ಟೆ ವಾಪಸ್ ಬಂದಿಲ್ಲ" ಎಂದು ಒಂದನ್ನು ನನ್ನ ಕೆನ್ನೆಗೆ ಒತ್ತಿದರು. "ಗಾಯ ಆಗಿರೋ ಮಗು. ಮೆತ್ತಗಿರಬೇಕಮ್ಮ."

ಅವತ್ತು ಮಾವ ಎರಡು ಸಲ ಬಡಿಸಿಕೊಂಡು ಉಂಡರು. ನನ್ನ ಗಂಡ ಅಡುಗೆಮನೆಗೆ ಬಂದು, "ನೋಡಿದ್ಯಾ? ಅಪ್ಪ ಮತ್ತೆ ಅಪ್ಪ ಆಗಿದಾರೆ ಕಣೆ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನೂ ಮೂಗು ಒರೆಸಿಕೊಂಡೆ. ಇನ್ನೇನು, ಎಲ್ಲ ಸರಿಹೋಯಿತು ಎಂದುಕೊಂಡ ನನ್ನ ಬುದ್ಧಿಗಿಷ್ಟು.

ಸೋಮವಾರ ನಾಲ್ಕು ಗಂಟೆಗೆ ಡೇಕೇರಿನ ಬಾಗಿಲಲ್ಲಿ ದೊಡ್ಡ ಟೀಚರು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದರು. ಒಳಗೆ ಮೂರು ಚಡ್ಡಿ, ಎರಡು ಲಂಗ, ಒಂದು ಜೊತೆ ಕಾಲುಚೀಲ, ಎಲ್ಲ ಒದ್ದೆ.

"ಮೊದಲನೇ ದಿನ ಅಲ್ವಾ, ಇರಲಿ" ಎಂದರು ಟೀಚರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಅವರಿಗೆ ಲೋಕದ ಕಷ್ಟವೆಲ್ಲ ಲಿಫ್ಟಿನ ಕಷ್ಟದ ಹಾಗೇ ಕಾಣುತ್ತದೆ.

"ಲೋಡ್ ಜಾಸ್ತಿ ಆಗಿದೆ ಅಷ್ಟೇ. ಎರಡೆರಡು ಪಟ್ಟಿ ಇಡು."

ಮಂಗಳವಾರ ಎರಡೆರಡು ಪಟ್ಟಿ ಇಟ್ಟೆ. ಮಗು ಕುದುರೆಯಿಂದ ಇಳಿದವಳ ಹಾಗೆ ಕಾಲು ಅಗಲಿಸಿ ನಡೆಯಿತು. ಸಂಜೆ ಚೀಲದಲ್ಲಿ ನಾಲ್ಕು ಚಡ್ಡಿ, ಜೊತೆಗೆ ಡೇಕೇರಿನದೇ ಒಂದು ಹಾಸಿಗೆಯ ಹೊದಿಕೆ.

ತಲೆ ಚಿಟ್ಟು ಹಿಡಿದು, ಮಾರಿದ ಅಂಗಡಿಗೇ ಫೋನ್ ಮಾಡಿದೆ. ನನ್ನ ಬಾಯಿ ಸ್ವಲ್ಪ ಜೋರು. ಡಿಪೋದಲ್ಲಿ ನನ್ನನ್ನು ಹಾರನ್ ಎಂದು ಕರೆಯುವುದು ಪ್ರೀತಿಗಲ್ಲ. "ಏನ್ರೀ, ಡೈಪರ್ ಅಂತ ಜರಡಿ ಕೊಟ್ಟಿದ್ದೀರಾ?" ಎಂದೇ ಶುರುಮಾಡಿದೆ. ಆ ಕಡೆಯ ಹುಡುಗಿ ಪಾಪ, ಬಹಳ ತಾಳ್ಮೆಯವಳು. "ಹೊಸ ಬಟ್ಟೆ ಮೇಡಂ, ನಾಲ್ಕೈದು ಸಲ ಒಗೆದ ಮೇಲೇನೇ ಚೆನ್ನಾಗಿ ಹೀರ್ಕೊಳ್ಳೋದು. ಇನ್ನೂ ಒಗೀರಿ" ಎಂದಳು.

ಅಷ್ಟೇನಾ! ಓಡಿಹೋಗಿ ಮಾವನಿಗೆ ಹೇಳಿದೆ. "ಇನ್ನೂ ನಾಲ್ಕು ಸಲ ಒಗೀಬೇಕಂತೆ ಮಾವ."

ಮಾವನಿಗೆ ಅದಕ್ಕಿಂತ ಸಂತೋಷದ ಸಮಾಚಾರ ಉಂಟೇ? ನಾಲ್ಕು ಸಲ ಒಗೆದರು, ಎರಡು ಮುಚ್ಚಳ ಸಾಲದೆಂದು ಸಲಕ್ಕೆ ಮೂರು ಸುರಿದರು.

ಬುಧವಾರ ಹನ್ನೊಂದು ಗಂಟೆಗೆ ಕೊನೆಯ ನಿಲ್ದಾಣದಲ್ಲಿ ಬಸ್ ನಿಲ್ಲಿಸಿ ಫೋನ್ ತೆಗೆದರೆ, ಡೇಕೇರಿನಿಂದ ಆರು ಮಿಸ್ ಕಾಲ್. ಜೀವ ಬಾಯಿಗೆ ಬಂತು. ಮಗು ಬಿದ್ದಳೋ, ಜ್ವರವೋ ಎಂದು ತಿರುಗಿ ಮಾಡಿದೆ.

"ತಂದಿದ್ದ ಬಟ್ಟೆ ಎಲ್ಲ ಮುಗೀತು. ಬಂದು ಕೊಟ್ಟು ಹೋಗಿ" ಎಂದರು ದೊಡ್ಡ ಟೀಚರು.

"ನಾನು ಬಸ್ಸಲ್ಲಿದ್ದೀನಿ ಟೀಚರ್."

"ಇಳ್ಕೊಂಡು ಬನ್ನಿ."

"ನಾನೇ ಓಡಿಸ್ತಾ ಇರೋದು!"

ಹಿಂದಿನ ಸೀಟಿನಲ್ಲಿ ಕೂತಿದ್ದ ಮುದುಕರೊಬ್ಬರು ಗಾಬರಿಯಿಂದ ತಲೆಯೆತ್ತಿ ನೋಡಿದರು. ಸಂಜೆ ಹೋದಾಗ ನನ್ನ ಮಗಳು ಯಾರದೋ ಗಂಡುಮಗುವಿನ ಚಡ್ಡಿ ಹಾಕಿಕೊಂಡು, ನಾಲ್ಕು ಜನ್ಮದ ಖುಷಿಯಲ್ಲಿ ಗಿರ್ರನೆ ತಿರುಗುತ್ತಿದ್ದಳು. ಗಾಯ ಮಾತ್ರ ಒಣಗುತ್ತಾ ಬಂದಿತ್ತು, ಅದೊಂದು ಸಮಾಧಾನ. ದೊಡ್ಡ ಟೀಚರು ನನ್ನನ್ನು ಬದಿಗೆ ಕರೆದರು. ಕೆಟ್ಟವರಲ್ಲ ಅವರು. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

"ಹದಿನಾಲ್ಕು ಮಕ್ಕಳಿಗೆ ನಾವು ಮೂರೇ ಜನ ಇರೋದು. ನಿಮ್ಮ ಮಗೂನ ದಿನಕ್ಕೆ ಎಂಟು ಸಲ ಬದಲಾಯಿಸ್ತಾ ಕೂತ್ರೆ ಉಳಿದವರನ್ನ ಯಾರು ನೋಡೋದು? ಬೇರೆ ಅಪ್ಪ ಅಮ್ಮಂದಿರು ವಾಸನೆ ಅಂತಿದಾರೆ. ಶುಕ್ರವಾರದವರೆಗೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಅಂಗಡಿದೇ ಹಾಕ್ಕೊಂಡು ಬನ್ನಿ, ಇಲ್ಲ ಸ್ವಲ್ಪ ದಿನ ಮನೇಲೇ ಇಟ್ಕೊಳ್ಳಿ."

ಅಂಗಡಿಯದು ಹಾಕಿದರೆ ಮಗುವಿನ ಮೈ ಸುಲಿಯುತ್ತದೆ. ಮನೆಯಲ್ಲಿ ಇಟ್ಟುಕೊಂಡರೆ ಕೆಲಸ ಹೋಗುತ್ತದೆ. ಎರಡರಲ್ಲಿ ಯಾವುದು ಬೇಕು ಹೇಳಮ್ಮ ಎಂದು ಕೇಳಿದಂತಾಯಿತು. ಮನೆಗೆ ಬಂದು ಬಾಗಿಲು ದಡಾರನೆ ಹಾಕಿದೆ. ಗಂಡನ ಮೇಲೆ ಕೂಗಾಡಿದೆ, ಅಂಗಡಿಯ ಹುಡುಗಿಯನ್ನು ಶಪಿಸಿದೆ, "ಗುಂಡಿ ಬಿಗಿ ಮಾಡು" ಎಂದ ಗಂಡನಿಗೆ, "ನೀವೇ ಹಾಕ್ಕೊಂಡು ಬಿಗಿ ಮಾಡ್ಕೊಳ್ರೀ" ಎಂದೆ. ಮಾವ ಇಸ್ತ್ರಿಪೆಟ್ಟಿಗೆ ಇಳಿಸಿ, ಇನ್ನೂ ಬಿಸಿಯಿದ್ದ ಆರು ಡೈಪರನ್ನು ನನ್ನ ಕೈಗಿಟ್ಟು, "ನಾಳೆ ಸರಿಹೋಗುತ್ತೆ ಬಿಡಮ್ಮ, ಇವತ್ತಿನ ಒಗೆತ ಚೆನ್ನಾಗಿ ಬಂದಿದೆ" ಎಂದರು. ಅವರ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ. ಇಡೀ ಮನೆಯಲ್ಲಿ ತನ್ನ ಕೆಲಸ ನೆಟ್ಟಗೆ ಮಾಡುತ್ತಿರುವವರು ಅವರೊಬ್ಬರೇ ಎಂದುಕೊಂಡೆ.

ಗುರುವಾರ ಮಧ್ಯಾಹ್ನ ಡಿಪೋದ ಊಟದ ಕೋಣೆಯಲ್ಲಿ ಕೂತಿದ್ದೆ. ಅಷ್ಟರಲ್ಲೇ ಡೇಕೇರಿನಿಂದ ಎರಡು ಫೋನ್ ಬಂದು ಹೋಗಿತ್ತು. ತಲೆಯಲ್ಲಿ ಶುಕ್ರವಾರವೇ ಕುಣಿಯುತ್ತಿದ್ದರಿಂದ ಮೊಣಕೈ ತಾಗಿ ನೀರಿನ ಬಾಟಲಿ ಉರುಳಿತು. ನೀರು ಮೇಜಿನ ತುಂಬ ಹರಿದು ಬೇರೆ ಡ್ರೈವರುಗಳ ಊಟದ ಡಬ್ಬಿಯತ್ತ ಹೊರಟಿತು. ಕೈಗೆ ಸಿಕ್ಕಿದ್ದು ಸಂಜೆ ಬದಲಾಯಿಸಲೆಂದು ಚೀಲದಲ್ಲಿಟ್ಟುಕೊಂಡಿದ್ದ ಒಗೆದ ಡೈಪರು. ತೆಗೆದು ಒರೆಸಿದೆ.

ನೀರು ಹೋಗಲಿಲ್ಲ. ಈ ಕಡೆಯಿಂದ ತಳ್ಳಿದರೆ ಆ ಕಡೆಗೆ, ಆ ಕಡೆಯಿಂದ ತಳ್ಳಿದರೆ ಈ ಕಡೆಗೆ. ಒತ್ತಿ ಹಿಡಿದೆ. ಎತ್ತಿ ನೋಡಿದರೆ ಬಟ್ಟೆ ಒಣಗಿಯೇ ಇತ್ತು, ಮೇಲೆ ಹನಿಗಳು ಗುಂಡಗೆ ಕೂತಿದ್ದವು.

ಡಿಪೋ ಗುಡಿಸುವ ಅಕ್ಕ ಪೊರಕೆ ಗೋಡೆಗೆ ಒರಗಿಸಿ ಹತ್ತಿರ ಬಂದಳು. ಮೂಗಿಗೆ ಹಿಡಿದು ಮೂಸಿ, ಕಿಸಕ್ಕನೆ ನಕ್ಕಳು.

"ಘಮಘಮ ಅಂತಿದೆಯಲ್ಲೇ ಹಾರನ್! ಸಾಫ್ಟನರ್ ಸುರಿದಿದ್ದೀಯಾ? ನಾವು ಒರೆಸೋ ಬಟ್ಟೆಗೆ ಅದನ್ನ ಮುಟ್ಟಿಸೋದೇ ಇಲ್ಲ. ಜಿಡ್ಡು ಕೂತ್ಕೊಳ್ಳುತ್ತೆ, ನೀರು ಒಳಗೆ ಇಳಿಯಲ್ಲ. ಜಾಸ್ತಿ ಹಾಕಿದಷ್ಟೂ ಕೆಲಸಕ್ಕೆ ಬರಲ್ಲ."

ಜಾಸ್ತಿ ಹಾಕಿದಷ್ಟೂ. ಸಲಕ್ಕೆ ಮೂರು ಮುಚ್ಚಳ, ನಾಲ್ಕು ಸಲ. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಚೀಲದಲ್ಲಿದ್ದ ಇನ್ನೆರಡನ್ನೂ ತೆಗೆದು ನೀರು ಹಾಕಿದೆ. ಅದೇ ಕಥೆ.

ಅವತ್ತು ಮಧ್ಯಾಹ್ನದ ಟ್ರಿಪ್ಪಿನ ಉದ್ದಕ್ಕೂ ಮಾವನಿಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸಿದೆ. 'ಮಾವ, ನಿಮ್ಮ ಒಗೆತ ಬಹಳ ಚೆನ್ನಾಗಿದೆ, ಆದರೆ ಡಾಕ್ಟರು ಹೀಗೆ ಹೇಳಿದರು' ಎಂದು ಡಾಕ್ಟರ ಮೇಲೆ ಹಾಕುವುದು. ಇಲ್ಲವೇ ಬಾಟಲಿ ಕೈತಪ್ಪಿ ಬಿದ್ದು ಖಾಲಿಯಾಯಿತು ಎನ್ನುವುದು. ಒಳ್ಳೊಳ್ಳೆಯ ಮಾತುಗಳು. ಡೇಕೇರಿನ ಬಾಗಿಲಲ್ಲಿ ದೊಡ್ಡ ಟೀಚರು ಮತ್ತೆ ಒದ್ದೆ ಬಟ್ಟೆಯ ಚೀಲ ಕೊಟ್ಟಾಗ, ಅವೆಲ್ಲ ಎಲ್ಲಿ ಹೋದವೋ.

ಮನೆಗೆ ಬಂದಾಗ ಮಾವ ಮಷೀನಿನ ಮುಂದೆ ನಿಂತು ನೀಲಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

"ಹಾಕ್ಬೇಡಿ!" ಎಂದು ಕಿರುಚಿದೆ. "ದಯವಿಟ್ಟು ಅದನ್ನ ಹಾಕ್ಬೇಡಿ ಮಾವ! ನಿಮ್ಮ ಮೆತ್ತನೇ ಬಟ್ಟೆ ನನ್ನ ಕೆಲಸ ತಿಂದು ಹಾಕ್ತಿದೆ!"

ಮಗು ಬೆಚ್ಚಿ ನನ್ನ ಕಾಲು ತಬ್ಬಿಕೊಂಡಿತು. ಒಳಕೋಣೆಯಿಂದ ಗಂಡ ಓಡಿಬಂದು, "ಏನೇ ಇದು, ಅಪ್ಪನ ಹತ್ರ ಹೀಗಾ ಮಾತಾಡೋದು?" ಎಂದರು. ನಾನು ಒಂದು ಡೈಪರನ್ನು ಬಿಡಿಸಿ ಬಚ್ಚಲ ಮೇಲೆ ಹಿಡಿದು ಚೊಂಬಿನಿಂದ ನೀರು ಸುರಿದೆ. ನೀರು ಇಸ್ತ್ರಿಯ ಮಡಿಕೆಯ ಗುಂಟ ಹರಿದು ಮಾವನ ಪಾದದ ಮೇಲೆ ಬಿತ್ತು.

ಮಾವ ಪಾದ ನೋಡಿಕೊಂಡರು. ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡರು. ಎರಡನೆಯ ಡೈಪರನ್ನು ನಲ್ಲಿಗೆ ಸಿಕ್ಕಿಸಿ ತಾವೇ ಸುರಿದರು. ಮೂರನೆಯದಕ್ಕೆ ಸುರಿದರು. ಆ ಸಾಲಿನ ಆರೂ ಮುಗಿಯುವವರೆಗೂ ನಿಲ್ಲಿಸಲಿಲ್ಲ. ಆಮೇಲೆ ಬಾಟಲಿಯ ಮುಚ್ಚಳ ಹಾಕಿ, ಸದ್ದಾಗದಂತೆ ಕಪಾಟಿನೊಳಗೆ ಇಟ್ಟರು.

"ಬಿಸಿನೀರು ಕಾಯಿಸು" ಎಂದರು ಮಗನಿಗೆ. ನನ್ನ ಕಡೆ ನೋಡಲಿಲ್ಲ. "ನಾಳೆಗೆ ಎಷ್ಟು ಬೇಕಮ್ಮ?"

"ಎಂಟು ಸಾಕು ಮಾವ. ನಾನು..."

"ನೀನು ಮಗೂಗೆ ಊಟ ಕೊಡು."

ಕ್ಷಮಿಸಿ ಎನ್ನಬೇಕೆಂದು ಎರಡು ಸಲ ಬಚ್ಚಲಿನವರೆಗೆ ಹೋಗಿ ವಾಪಸು ಬಂದೆ. ಆ ಬಾಗಿಲಲ್ಲಿ ಹಬೆ ಬರುತ್ತಲೇ ಇತ್ತು.

ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಮೇಜಿನ ಮೇಲೆ ಫ್ಯಾನಿನಡಿ ಒಣಗಿಸಿದ ಎಂಟು ಡೈಪರಿದ್ದವು. ಇಸ್ತ್ರಿಯಿಲ್ಲ, ಪರಿಮಳವಿಲ್ಲ. ಮುಟ್ಟಿದರೆ ಗೋಣಿ. ಮಾವನ ಬಲಗೈಯ ಬೆರಳ ತುದಿಗಳು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು.

"ಆರು ಸಲ ಬಿಸಿನೀರಲ್ಲಿ ತೆಗೆದಿದ್ದೀನಿ. ಒಂದೊಂದಕ್ಕೂ ನೀರು ಹಾಕಿ ನೋಡಿದ್ದೀನಿ, ಕುಡೀತಾ ಇದೆ" ಎಂದರು. ಆಮೇಲೆ ತಪ್ಪು ಒಪ್ಪಿಸುವವರ ಹಾಗೆ, "ಒರಟಾಗಿವೆ. ಮಂಡಿ ಮೇಲೆ ಹಾಕ್ಕೊಂಡು ತಿಕ್ಕಿ ತಿಕ್ಕಿ ಸ್ವಲ್ಪ ಮೆತ್ತಗೆ ಮಾಡಿದೆ. ಮಗೂಗೆ ಚುಚ್ಚುತ್ತೇನೋ" ಎಂದರು.

ಶುಕ್ರವಾರ ನಾನು ಬಸ್ ಹೇಗೆ ಓಡಿಸಿದೆನೋ ನನಗೇ ತಿಳಿಯದು. ಪ್ರತಿ ಸಲ ಕೊನೆಯ ನಿಲ್ದಾಣಕ್ಕೆ ಬಂದಾಗಲೂ ಫೋನ್ ತೆಗೆದು ನೋಡುವುದು. ಒಂಬತ್ತೂವರೆಗೆ ಏನಿಲ್ಲ. ಹನ್ನೊಂದಕ್ಕೆ ಏನಿಲ್ಲ. ಒಂದು ಗಂಟೆಗೂ ಏನಿಲ್ಲದಾಗ, ಇವರು ಬೇಸತ್ತು ಫೋನ್ ಮಾಡುವುದನ್ನೇ ಬಿಟ್ಟರೋ ಏನೋ ಎಂದು ಇನ್ನಷ್ಟು ಹೆದರಿಕೆ. ನಾಲ್ಕಕ್ಕೆ ಡೇಕೇರಿನ ಬಾಗಿಲಿಗೆ ಓಡಿದೆ.

ದೊಡ್ಡ ಟೀಚರ ಕೈಯಲ್ಲಿ ಚೀಲವಿರಲಿಲ್ಲ. ಗಿರಗಿಟ್ಲೆ ಬೆಳಿಗ್ಗೆ ಹಾಕಿದ್ದ ಹಳದಿ ಲಂಗದಲ್ಲೇ ಓಡಿಬಂದು ನನ್ನ ಹೊಟ್ಟೆಗೆ ಗುದ್ದಿದಳು. ಹಿಂದಿನಿಂದ ಕೈ ಹಾಕಿ ನೋಡಿದೆ. ಒಣಗಿತ್ತು. ತೊಡೆಯಲ್ಲಿ ಹೊಸ ಕೆಂಪೂ ಇರಲಿಲ್ಲ.

"ನಾಲ್ಕು ಸಲ ಬದಲಾಯಿಸಿದ್ವಿ, ಎಲ್ಲರಂತೆ" ಎಂದು ನಕ್ಕರು ಟೀಚರು. "ಏನು ಮಾಡಿದ್ರಿ? ಇರಲಿ, ಸೋಮವಾರ ಬನ್ನಿ."

ರಸ್ತೆಯಲ್ಲೇ ಮಗುವನ್ನು ಎತ್ತಿ ಎರಡು ಸುತ್ತು ಸುತ್ತಿದೆ. ಮೆಟ್ಟಿಲು ಹತ್ತುವಾಗಲೇ ಕೂಗಿದೆ, "ಮಾವ! ಒಂದೂ ಸೋರಿಲ್ಲ! ಉಳೀತು ಮಾವ, ಕೆಲಸ ಉಳೀತು!"

ಮಾವ ಬಚ್ಚಲ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದರು. ಸುತ್ತ ಮನೆಯ ಟವೆಲುಗಳೆಲ್ಲ ಹರಡಿದ್ದವು. ನನ್ನದು, ಗಂಡನದು, ನೆಂಟರು ಬಂದರೆ ಕೊಡುವುದು, ಎಲ್ಲವೂ ಈ ವಾರ ಮತ್ತೆ ಅವರ ಕೈಯ ಒಗೆತ, ಎಲ್ಲವೂ ಬೆಣ್ಣೆಯಂತೆ. ಪಕ್ಕದಲ್ಲಿ ಅದೇ ಚೊಂಬು. ಮಗು ಹೋಗಿ ಅವರ ಮಂಡಿ ಏರಿತು. ಅವರು ಒಳ್ಳೆಯ ಕೈಯಿಂದ ಅವಳನ್ನು ಹಿಡಿದುಕೊಂಡು, "ಒಳ್ಳೇದಾಯ್ತಮ್ಮ" ಎಂದರು. ನಿಜಕ್ಕೂ ಸಂತೋಷಪಟ್ಟೇ ಹೇಳಿದರು. ಆಮೇಲೆ ಕೇಳಿದರು:

"ಈ ಮನೆಗೆ ಬಂದು ನಾಲ್ಕು ವರ್ಷ ಆಯ್ತು ನೀನು. ಸ್ನಾನ ಆದ್ಮೇಲೆ ತಲೆ ಯಾವುದರಲ್ಲಿ ಒರೆಸ್ಕೊಳ್ತೀಯ?"

ನನಗೆ ಸುಳ್ಳು ಹೇಳಲು ಆಗಲಿಲ್ಲ. "ನನ್ನ ಹಳೇ ಕಾಟನ್ ನೈಟಿಲಿ, ಮಾವ."

"ನಿಮ್ಮತ್ತೇನೂ ಹಳೇ ಬಟ್ಟೇಲೇ ಒರೆಸ್ಕೊಳ್ತಿದ್ದಳು. ಜಿಪುಣಿ ಅಂತ ಆಡ್ಕೊಂಡು ನಗ್ತಿದ್ದೆ." ಟವೆಲಿನ ಅಂಚು ಸವರಿದರು. "ಹೋಟೆಲಿಗೆ ಬಂದವರೆಲ್ಲ ಹೂವಿನ ಹಾಗಿದೆ ಅಂತಿದ್ರು. ಮೂವತ್ತಾರು ವರ್ಷ. ಒಬ್ಬರಿಗೂ ಮೈ ಒಣಗಿಲ್ಲ ಅಂತಾಯ್ತಲ್ಲ."

"ಹಾಗೇನಿಲ್ಲ ಮಾವ..." ಎಂದೆ.

"ಗೊತ್ತಿತ್ತು ನಿನಗೆ?"

"ಟವೆಲ್ ಒರೆಸಲ್ಲ ಅಂತ ಗೊತ್ತಿತ್ತು. ನೀವು ಅಷ್ಟು ಆಸೆಯಿಂದ ಒಗೀತಿದ್ರಿ, ನೊಂದ್ಕೊಳ್ತೀರಿ ಅಂತ ಸುಮ್ಮನಿದ್ದೆ."

ಮಾವ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

"ಗಂಡನಿಗೆ ಬೈತೀಯ, ಅಂಗಡಿಯವಳಿಗೆ ಬೈತೀಯ, ರಸ್ತೇಲಿ ಹೋಗೋರಿಗೆಲ್ಲ ಬೈತೀಯ" ಎಂದರು. "ನನಗೂ ಒಂದು ಸಲ ಬೈಬಾರದಿತ್ತೇನಮ್ಮ? ನಾನೇನು ಹೊರಗಿನವನಾ?"